ಸೀಲು ಒಡೆಯದ ಸಿರಪ್ ಬಾಟಲಿ: ಮಗುವಿನ ಸುಪರ್ದಿಯ ಒಂದು ಪ್ರಕರಣ

ಭಾನುವಾರ ರಾತ್ರಿ ಒಂಬತ್ತೂವರೆಗೆ ಪಶ್ಚಿಮ ಬೆಂಗಳೂರಿನ ಒಂದು ಠಾಣೆಗೆ ಬಂದ ಆ ತಾಯಿಯ ಕೈಯಲ್ಲಿ ಇದ್ದದ್ದು ಮೊಬೈಲ್ ಒಂದೇ. ಅದರಲ್ಲಿ ನ್ಯಾಯಾಲಯದ ಆದೇಶದ ಫೋಟೊ ಇತ್ತು, ವಕೀಲರು ವಾಟ್ಸಾಪ್‌ನಲ್ಲಿ ಕಳಿಸಿದ್ದು. ಗಂಡ ಕಳಿಸಿದ ಸಂದೇಶವೂ ಇತ್ತು: "ಪಾಪುವಿಗೆ ಜ್ವರ. ನಾಳೆ ಬಿಡುತ್ತೇನೆ." ಅದರ ಕೆಳಗೆ ಒಂದು ಕ್ಲಿನಿಕ್ಕಿನ ಚೀಟಿಯ ಚಿತ್ರ. ಏಳು ವರ್ಷದ ಮಗಳು ಶನಿವಾರ ಬೆಳಿಗ್ಗೆ ಹತ್ತಕ್ಕೆ ಅಪ್ಪನ ಜೊತೆ ಹೋದವಳು ಭಾನುವಾರ ಸಂಜೆ ವಾಪಸು ಬರಬೇಕಿತ್ತು.

ರಾತ್ರಿ ಪಾಳಿಯ ಎಎಸ್‌ಐ ಫೋನನ್ನು ಹಿಗ್ಗಿಸಿ, ಕುಗ್ಗಿಸಿ ಓದಿದರು. "ಮಗು ಅಪ್ಪನ ಹತ್ತಿರವೇ ಇದೆಯಲ್ಲಮ್ಮಾ. ಹೊರಗಿನವರು ಯಾರೂ ಎತ್ತಿಕೊಂಡು ಹೋಗಿಲ್ಲ. ಇದು ಸಿವಿಲ್ ವಿಷಯ, ಫ್ಯಾಮಿಲಿ ಕೋರ್ಟಿಗೆ ಹೋಗಿ" ಎಂದರು. ದಿನಚರಿಯಲ್ಲಿ ಏನನ್ನೂ ಬರೆಯಲಿಲ್ಲ.

ಆ ಎಎಸ್‌ಐ ಕೆಟ್ಟ ಮನುಷ್ಯರಲ್ಲ. ತಾಯಿಗೆ ನೀರು ಕೊಟ್ಟರು, ಅಷ್ಟು ಹೊತ್ತಿನಲ್ಲಿ ಒಬ್ಬರೇ ಹೋಗಬೇಡಿ ಎಂದು ಹೊಯ್ಸಳ ವಾಹನದಲ್ಲಿ ಮನೆಯವರೆಗೆ ಕಳಿಸಿದರು. ಅವರು ಹೇಳಿದ "ಸಿವಿಲ್ ವಿಷಯ" ಎಂಬ ಮಾತನ್ನು ಠಾಣೆಗಳಿಗೆ ಕಲಿಸಿದವರಲ್ಲಿ ನಾನೂ ಒಬ್ಬ. ಸಹಾಯಕ ಸರ್ಕಾರಿ ಅಭಿಯೋಜಕನಾಗಿ ಎಷ್ಟೋ ವರ್ಷ ಇನ್ಸ್‌ಪೆಕ್ಟರುಗಳ ಫೋನಿಗೆ ಅದೇ ಎರಡು ಪದ ಹೇಳಿ ಕೆಳಗಿಟ್ಟಿದ್ದೇನೆ. ಈ ಪ್ರಕರಣ ಬಂದದ್ದು ನಿವೃತ್ತಿಗೆ ಸ್ವಲ್ಪ ಮೊದಲು, ಹೊಸ ಅಪರಾಧ ಕಾನೂನು ಸಂಹಿತೆಗಳು ಜಾರಿಯಾದ ಮೇಲೆ. ಯಾರ ಗುರುತೂ ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ ಇಷ್ಟು. ತಾಯಿ ಶಾಲಾ ಶಿಕ್ಷಕಿ, ತವರಿನವರೊಂದಿಗೆ ರಾಜಾಜಿನಗರದಲ್ಲಿ ವಾಸ. ತಂದೆಗೆ ಪೀಣ್ಯದಲ್ಲಿ ಕೆಲಸ, ವಾಸ ನೆಲಮಂಗಲದ ಆಚೆ ತನ್ನ ತಾಯಿಯ ಮನೆಯಲ್ಲಿ, ಅಂದರೆ ನಗರ ಕಮಿಷನರೇಟಿನ ಗಡಿಯ ಹೊರಗೆ. ಮಗುವಿನ ಸುಪರ್ದಿ ಕೋರಿ 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಡಿ ತಂದೆ ಹಾಕಿದ ಅರ್ಜಿ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡದಲ್ಲಿರುವ ಕೌಟುಂಬಿಕ ನ್ಯಾಯಾಲಯದಲ್ಲಿತ್ತು. ಆ ಕಾಯ್ದೆಯ 12ನೇ ಕಲಮಿನಡಿ ಮಧ್ಯಂತರ ಆದೇಶವಾಗಿತ್ತು: ಮಗು ತಾಯಿಯ ಬಳಿ ಇರಲಿ, ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬೆಳಿಗ್ಗೆ ಹತ್ತರಿಂದ ಭಾನುವಾರ ಸಂಜೆಯವರೆಗೆ ತಂದೆಯ ಬಳಿ. "ಸಂಜೆ" ಎಂದರೆ ಎಷ್ಟು ಗಂಟೆ ಎಂದು ಆದೇಶದಲ್ಲಿ ಇರಲಿಲ್ಲ. ಮಗುವನ್ನು ಎಲ್ಲಿ ಒಪ್ಪಿಸಬೇಕು, ಒಪ್ಪಿಸದಿದ್ದರೆ ಯಾರು ಏನು ಮಾಡಬೇಕು ಎಂಬುದೂ ಇರಲಿಲ್ಲ. ಎರಡೂ ಕಡೆಯವರು ಒಪ್ಪಿ ಮಾಡಿಸಿಕೊಂಡ ಆದೇಶಗಳು ಹೆಚ್ಚಾಗಿ ಹೀಗೇ ಇರುತ್ತವೆ. ಒಪ್ಪಿದ ದಿನ ಎಲ್ಲರಿಗೂ ಸಂಜೆ ಎಂದರೆ ಏನೆಂದು ಗೊತ್ತಿರುತ್ತದೆ.

ಸೋಮವಾರ ಮಗು ಬರಲಿಲ್ಲ. "ಇನ್ನೆರಡು ದಿನ" ಎಂಬ ಸಂದೇಶ ಬಂತು. ಮಂಗಳವಾರ ಮಧ್ಯಾಹ್ನ ತಾಯಿ ತನ್ನ ಅಣ್ಣನ ಜೊತೆ ಮತ್ತೆ ಠಾಣೆಗೆ ಹೋದರು, ಈ ಸಲ ಆದೇಶದ ಪ್ರಮಾಣೀಕೃತ ಪ್ರತಿಯೊಂದಿಗೆ. ಅಣ್ಣನದು ಒಂದೇ ಬೇಡಿಕೆ: ಅಪಹರಣದ ಎಫ್‌ಐಆರ್. ಇನ್ಸ್‌ಪೆಕ್ಟರ್ ನನಗೆ ಫೋನ್ ಮಾಡಿದರು. ಎಂದಿನ ಎರಡು ಪದ ನನ್ನ ನಾಲಿಗೆಯ ತುದಿಯಲ್ಲೇ ಇದ್ದವು. ಹೇಳದೆ ತಡೆದದ್ದು ಒಂದು ಕಾರಣಕ್ಕೆ. ಅವರು ಮಾತಿನ ನಡುವೆ, "ಸರ್, ಇದೇ ಗಂಡ ಹಿಂದೆ ಎರಡು ಸಲ ನಮ್ಮಲ್ಲಿಗೇ ಬಂದಿದ್ದನಂತೆ, ಮಗುವನ್ನು ಕಳಿಸುತ್ತಿಲ್ಲ ಎಂದು. ನಮ್ಮ ಹುಡುಗರು ಬುದ್ಧಿ ಹೇಳಿ ಕಳಿಸಿದ್ದಾರೆ" ಎಂದರು. ಎಲ್ಲಿ ಬರೆದುಕೊಂಡಿದ್ದೀರಿ ಎಂದು ಕೇಳಿದೆ. ಆ ಕಡೆ ಮೌನ.

ಅಂದು ಸಂಜೆ ಮೂವರೂ ನನ್ನ ಕಚೇರಿಗೆ ಬಂದರು. ಅಣ್ಣನಿಗೆ ಕಾನೂನು ಅಷ್ಟಿಷ್ಟು ಗೊತ್ತಿತ್ತು. ಅಷ್ಟಿಷ್ಟು ಗೊತ್ತಿರುವವರಿಗೆ ವಿವರಿಸುವುದು ಕಷ್ಟದ ಕೆಲಸ. "ನ್ಯಾಯಾಲಯ ಮಗುವನ್ನು ತಂಗಿಗೆ ಕೊಟ್ಟಿದೆ. ಅವನು ಕೊಡುತ್ತಿಲ್ಲ. ಇದು ಅಪಹರಣವಲ್ಲದೆ ಇನ್ನೇನು?"

ಪ್ರಶ್ನೆ ಸರಿಯಾದದ್ದೇ. ಭಾರತೀಯ ನ್ಯಾಯ ಸಂಹಿತೆಯ 137ನೇ ಕಲಂ ಪ್ರಕಾರ, ಕಾನೂನುಬದ್ಧ ಪಾಲಕರ ಸಮ್ಮತಿಯಿಲ್ಲದೆ ಮಗುವನ್ನು ಅವರ ಸುಪರ್ದಿಯಿಂದ ಕೊಂಡೊಯ್ಯುವುದು ಅಪಹರಣ, ಶಿಕ್ಷೆ ಏಳು ವರ್ಷದವರೆಗೆ. ಹಳೆಯ ದಂಡ ಸಂಹಿತೆಯಲ್ಲಿ ಗಂಡು ಮಗುವಿಗೆ 16, ಹೆಣ್ಣು ಮಗುವಿಗೆ 18 ಎಂದಿದ್ದ ವಯಸ್ಸಿನ ಭೇದ ಈಗಿಲ್ಲ. ಆದರೆ ಅದೇ ಕಲಮಿಗೆ ಒಂದು ವಿನಾಯಿತಿ ಅಂಟಿಕೊಂಡಿದೆ: ಮಗುವಿನ ಸುಪರ್ದಿಗೆ ತಾನು ಹಕ್ಕುದಾರನೆಂದು ಸದ್ಭಾವನೆಯಿಂದ ನಂಬಿ ಕೊಂಡೊಯ್ದರೆ, ಉದ್ದೇಶ ಅನೈತಿಕವೋ ಕಾನೂನುಬಾಹಿರವೋ ಆಗಿರದಿದ್ದರೆ, ಅಪರಾಧವಾಗದು. 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪಾಲಕತ್ವ ಕಾಯ್ದೆಯ 6ನೇ ಕಲಂ ತಂದೆಯನ್ನು ಸಹಜ ಪಾಲಕ ಎನ್ನುತ್ತದೆ, ಅವನ "ನಂತರ" ತಾಯಿ. ಆ "ನಂತರ" ಎಂದರೆ ತಂದೆ ಸತ್ತ ಮೇಲೆ ಎಂದಲ್ಲ ಎಂದು 1999ರಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿತು. ತಾಯಿಯ ಸ್ಥಾನ ಮೇಲಕ್ಕೆ ಬಂತು, ತಂದೆಯ ಸ್ಥಾನ ಹೋಗಲಿಲ್ಲ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂಬ ಮಾತು ಈ ಹುಡುಗಿಯನ್ನು ದಾಟಿ ಎರಡು ವರ್ಷವಾಗಿತ್ತು.

ಇಲ್ಲಿ ಮಧ್ಯಂತರ ಆದೇಶವಿದೆ, ಹಾಗಾಗಿ ಭಾನುವಾರ ಸಂಜೆಯ ನಂತರ ಸುಪರ್ದಿ ತಾಯಿಯದೇ. ತಂದೆಗೆ ಅದು ಗೊತ್ತಿತ್ತು ಕೂಡ. ಆದ್ದರಿಂದ ಸದ್ಭಾವನೆಯ ವಾದ ಎಷ್ಟು ದಿನ ನಿಲ್ಲುತ್ತದೆ ಎಂಬ ಪ್ರಶ್ನೆ ಇದ್ದೇ ಇತ್ತು. ಮಗುವನ್ನು ಬಚ್ಚಿಟ್ಟಿದ್ದರೆ, ಫೋನ್ ಆರಿಸಿಕೊಂಡಿದ್ದರೆ, ರಾಜ್ಯ ಬಿಟ್ಟಿದ್ದರೆ ನನ್ನ ಅಭಿಪ್ರಾಯ ಬೇರೆ ಇರುತ್ತಿತ್ತು. ಆದರೆ ಆತ ಎಲ್ಲಿದ್ದಾನೆಂಬುದು ಗೊತ್ತಿತ್ತು, ಫೋನ್ ಎತ್ತುತ್ತಿದ್ದ, ಮಗುವನ್ನು ಕೊಂಡೊಯ್ದದ್ದು ಆದೇಶದ ಪ್ರಕಾರವೇ. ಆದೇಶವನ್ನು ಮೀರಿ ಇಟ್ಟುಕೊಂಡದ್ದಕ್ಕೆ ಮೊದಲು ಉತ್ತರ ಕೇಳಬೇಕಾದದ್ದು ಆದೇಶ ಕೊಟ್ಟ ನ್ಯಾಯಾಲಯ.

ಅಣ್ಣ ಆಗ ಇನ್ನೊಂದು ದಾರಿ ತೆಗೆದರು. "ಹಾಗಾದರೆ ಮಗು ಎಲ್ಲಿದೆ ಎಂದು ಗೊತ್ತಿಲ್ಲ ಎಂದು ಬರೆದುಕೊಡುತ್ತೇವೆ." ಯಾರೋ ಹೇಳಿಕೊಟ್ಟಿದ್ದರು, ಸರಿಯಾಗಿಯೇ ಹೇಳಿಕೊಟ್ಟಿದ್ದರು. ಕಾಣೆಯಾದ ಮಗುವಿನ ದೂರು ಬಂದರೆ ಅಪಹರಣವೆಂದೇ ಭಾವಿಸಿ ಎಫ್‌ಐಆರ್ ಮಾಡಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಆ ತೀರ್ಪು ಬಂದದ್ದು ಬೀದಿಯಿಂದ, ರೈಲು ನಿಲ್ದಾಣದಿಂದ ಮಾಯವಾಗುವ ಮಕ್ಕಳಿಗಾಗಿ. ಅದರ ಬಾಗಿಲಿನಿಂದ ದಾಂಪತ್ಯದ ಜಗಳವನ್ನು ಒಳಗೆ ತರುವ ಪ್ರಯತ್ನ ಹೊಸದೇನಲ್ಲ. ತಾಯಿ ಅಣ್ಣನ ಮುಖ ನೋಡಿದರು. "ಎಲ್ಲಿದ್ದಾಳೆ ಎಂದು ನನಗೆ ಗೊತ್ತಲ್ಲ ಅಣ್ಣ. ನೆನ್ನೆ ರಾತ್ರಿ ವಿಡಿಯೊ ಕಾಲಿನಲ್ಲಿ ಮಾತಾಡಿದ್ದೇನೆ. ಅತ್ತೆಯ ಮನೆಯ ಅಡುಗೆಮನೆ ಕಾಣಿಸುತ್ತಿತ್ತು" ಎಂದರು. ಆ ಒಂದು ಮಾತಿಗೆ ಅವರ ಬಗ್ಗೆ ನನಗೆ ಹುಟ್ಟಿದ ಗೌರವ ಇವತ್ತಿಗೂ ಇದೆ.

ಅಣ್ಣನಿಗೆ ಇನ್ನೂ ಒಂದು ವಿಷಯ ಹೇಳಿದೆ. ಈ ಅಪರಾಧಕ್ಕೆ ಜಾಮೀನು ಸಿಗುತ್ತದೆ, ಆದ್ದರಿಂದ ಭಾವನನ್ನು ಒಂದು ರಾತ್ರಿ ಲಾಕಪ್ಪಿನಲ್ಲಿ ಕೂರಿಸುವ ಆಸೆ ಈಡೇರದು. ಆದರೆ ಇದು ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲಿ ಇಲ್ಲ. ನಾಳೆ ಗಂಡ ಹೆಂಡತಿ ಒಂದಾದರೂ, ಒಪ್ಪಿ ಬೇರೆಯಾದರೂ, ಎಫ್‌ಐಆರ್ ತನ್ನಷ್ಟಕ್ಕೆ ತಾನೇ ನಡೆಯುತ್ತಿರುತ್ತದೆ. ಅದನ್ನು ರದ್ದು ಮಾಡಿಸಲು ನಾಗರಿಕ ಸುರಕ್ಷಾ ಸಂಹಿತೆಯ 528ನೇ ಕಲಮಿನಡಿ ಹೈಕೋರ್ಟಿಗೆ ಹೋಗಬೇಕು. ಪೊಲೀಸರು ಬಿ ರಿಪೋರ್ಟ್, ಅಂದರೆ ಪ್ರಕರಣ ಮುಚ್ಚುವ ವರದಿ, ಹಾಕಿ ಮುಗಿಸುತ್ತಾರೆ ಎಂದುಕೊಂಡರೂ ಅದು ಮ್ಯಾಜಿಸ್ಟ್ರೇಟರ ಮುಂದೆ ಬಂದು, ದೂರುದಾರರಿಗೆ ನೋಟಿಸಾಗಿ, ಎರಡನೆಯ ತರಗತಿಯ ಹುಡುಗಿ ನಾಲ್ಕನೆಯ ತರಗತಿಗೆ ಬರುವವರೆಗೆ ಎಳೆಯಬಹುದು.

ತಾಯಿ ಕೇಳಿದ ಪ್ರಶ್ನೆ ಸರಳವಾಗಿತ್ತು: "ಸರ್, ನೀವು ಸರ್ಕಾರದ ವಕೀಲರಲ್ಲವೇ? ಫ್ಯಾಮಿಲಿ ಕೋರ್ಟಿನಲ್ಲಿ ನನ್ನ ಪರವಾಗಿ ನೀವು ಬರುವುದಿಲ್ಲವೇ?" ಬಹಳ ಜನರಿಗೆ ಈ ಗೊಂದಲವಿದೆ. ಕೌಟುಂಬಿಕ ನ್ಯಾಯಾಲಯದಲ್ಲಿ ಸರ್ಕಾರಿ ಅಭಿಯೋಜಕರಿಗೆ ಕುರ್ಚಿಯೇ ಇಲ್ಲ. ಅದು ಇಬ್ಬರ ನಡುವಿನ ವ್ಯಾಜ್ಯ, ಸರ್ಕಾರ ಕಕ್ಷಿಯಲ್ಲ. ನಾವು ಬರುವುದು ಅಪರಾಧ ದಾಖಲಾದರೆ, ಇಲ್ಲವೇ ಹೈಕೋರ್ಟಿನಲ್ಲಿ ಹೆಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಅಕ್ರಮವಾಗಿ ಹಿಡಿದಿಟ್ಟ ವ್ಯಕ್ತಿಯನ್ನು ಹಾಜರುಪಡಿಸಿ ಎಂಬ ಅರ್ಜಿ, ಬಿದ್ದು ಪೊಲೀಸರು ಎದುರುದಾರರಾದಾಗ. ಹೆಬಿಯಸ್ ಕಾರ್ಪಸ್ ಬಗ್ಗೆಯೂ ಅವರ ವಕೀಲರು ಯೋಚಿಸಿದ್ದರು. ಮಗುವನ್ನು ಇಟ್ಟುಕೊಂಡವರಿಗೆ ಅದಕ್ಕೆ ಕಾನೂನಿನ ಅಧಿಕಾರವಿಲ್ಲದಿದ್ದರೆ ಆ ದಾರಿ ತೆರೆದಿದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಆದರೆ ಮಗು ಸಹಜ ಪಾಲಕನ ಬಳಿ ಇದ್ದು, ವಿಳಾಸ ಗೊತ್ತಿದ್ದು, ಕೆಳಗಿನ ನ್ಯಾಯಾಲಯದಲ್ಲಿ ವಿಷಯ ನಡೆಯುತ್ತಿರುವಾಗ ಅಲ್ಲಿಗೇ ಹೋಗಿ ಎನ್ನುವ ಸಾಧ್ಯತೆಯೇ ಹೆಚ್ಚು. ಶೋಧನಾ ವಾರಂಟ್ ಎಂಬ ಇನ್ನೊಂದು ದಾರಿಯನ್ನು 1998ರಲ್ಲೇ ಸುಪ್ರೀಂ ಕೋರ್ಟ್ ಬಹುಮಟ್ಟಿಗೆ ಮುಚ್ಚಿದೆ: ತಂದೆಯ ಬಳಿ ಇರುವ ಮಗುವನ್ನು ಅಕ್ರಮ ಬಂಧನದಲ್ಲಿದೆ ಎನ್ನಲಾಗದು.

ಹಾಗಾದರೆ ಪೊಲೀಸರಿಗೆ ಏನೂ ಕೆಲಸವಿಲ್ಲವೇ? ಇದೆ. ಕುಟುಂಬದ ಕಲಹಗಳಲ್ಲಿ ಎಫ್‌ಐಆರಿಗೆ ಮೊದಲು ಪ್ರಾಥಮಿಕ ವಿಚಾರಣೆ ಮಾಡಬಹುದೆಂದು 2013ರ ಲಲಿತಾ ಕುಮಾರಿ ತೀರ್ಪು ಹೇಳುತ್ತದೆ. ವಿಚಾರಣೆ ಎಂದರೆ ಗದರಿಸಿ ಮುಚ್ಚಳಿಕೆ ಬರೆಸಿಕೊಳ್ಳುವುದಲ್ಲ. ನಾನು ಇನ್ಸ್‌ಪೆಕ್ಟರಿಗೆ ಮೂರು ಸಾಲು ಬರೆದುಕೊಟ್ಟೆ, ಫೋನಿನಲ್ಲಿ ಹೇಳಲಿಲ್ಲ. ಅರ್ಜಿಯನ್ನು ಸ್ವೀಕರಿಸಿ ಸಂಖ್ಯೆ ಕೊಡಿ. ನೆಲಮಂಗಲ ಕಡೆಯ ಠಾಣೆಯ ಮೂಲಕ ಮಗು ಕ್ಷೇಮವಾಗಿದೆಯೇ ಎಂದು ನೋಡಿಸಿ, ನೋಡಿದ್ದನ್ನು ಬರೆಸಿ. ಆಮೇಲೆ ಅರ್ಜಿದಾರರಿಗೆ ಹಿಂಬರಹ, ಅಂದರೆ ಅರ್ಜಿಗೆ ಠಾಣೆಯ ಲಿಖಿತ ಉತ್ತರ, ಕೊಡಿ, ಅದರಲ್ಲಿ ದಿನಾಂಕ, ವೇಳೆ, ಆದೇಶದ ವಿವರ, ತಂದೆ ಹೇಳಿದ ಕಾರಣ, ಎಲ್ಲವೂ ಇರಲಿ.

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ನೆಲಮಂಗಲ ಕಡೆಯ ಆ ಠಾಣೆಯ ಮಹಿಳಾ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಸಮವಸ್ತ್ರವಿಲ್ಲದೆ ತಂದೆಯ ಮನೆಗೆ ಹೋದರು. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕೆಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ, ಬಹಳ ಕಡೆ ಅದು ಗೋಡೆಯ ಮೇಲಿನ ಫಲಕ ಮಾತ್ರ. ಈಕೆ ಆ ಅಧಿಕಾರಿಯ ಪರವಾಗಿ ಹೋದವರು, ಕೆಲಸ ಬಲ್ಲವರು. ಅವರ ವರದಿ ಒಂದು ಪುಟಕ್ಕೂ ಕಡಿಮೆ. ನಾನು ಓದಿದ ನೂರಾರು ಪೊಲೀಸ್ ವರದಿಗಳಲ್ಲಿ ಅಷ್ಟು ಸ್ವಚ್ಛವಾದದ್ದು ಕಡಿಮೆ. ಮಗು ಅಂಗಳದಲ್ಲಿ ಪಕ್ಕದ ಮನೆಯ ಹುಡುಗಿಯೊಂದಿಗೆ ಕುಂಟೆಬಿಲ್ಲೆ ಆಡುತ್ತಿತ್ತು. ಮೈ ಮುಟ್ಟಿ ನೋಡಿದಾಗ ಜ್ವರವಿರಲಿಲ್ಲ. ಬೆಳಿಗ್ಗೆ ಏನು ತಿಂದೆ ಎಂದರೆ ಅಕ್ಕಿ ರೊಟ್ಟಿ ಎಂದಿತು. ಶಾಲೆಯ ಚೀಲ ಇರಲಿಲ್ಲ. ಕ್ಲಿನಿಕ್ಕಿನ ಚೀಟಿಯಲ್ಲಿ ಭಾನುವಾರದ ತಾರೀಕಿತ್ತು, ಜ್ವರದ ಸಿರಪ್ ದಿನಕ್ಕೆ ಮೂರು ಸಲ, ಮೂರು ದಿನ ಎಂದು ಬರೆದಿತ್ತು. ಸಿರಪ್ ಬಾಟಲಿ ಟಿವಿಯ ಪಕ್ಕದಲ್ಲಿತ್ತು. ಕೊನೆಯ ಸಾಲು: "ಬಾಟಲಿಯ ಮುಚ್ಚಳದ ಸೀಲು ಒಡೆದಿರುವುದಿಲ್ಲ."

ಅವರು ಮಗುವನ್ನು ಕರೆತರಲಿಲ್ಲ. ಅಣ್ಣನಿಗೆ ಇದರಿಂದ ಬಂದ ಸಿಟ್ಟು ಅಷ್ಟಿಷ್ಟಲ್ಲ. ಪೊಲೀಸರೇ ಹೋಗಿ, ಮಗು ಹುಷಾರಾಗಿದೆ ಎಂದು ಕಂಡೂ, ಕೈ ಹಿಡಿದು ತರಲಿಲ್ಲವಲ್ಲ! ತರುವ ಅಧಿಕಾರ ಅವರಿಗಿರಲಿಲ್ಲ. ಆದೇಶದಲ್ಲಿ ಪೊಲೀಸರಿಗೆ ನಿರ್ದೇಶನವಿಲ್ಲ, ಎಫ್‌ಐಆರ್ ಇಲ್ಲ, ಮಗುವಿಗೆ ಅಪಾಯವಿಲ್ಲ. ಅಜ್ಜಿಯ ಸೊಂಟ ಹಿಡಿದು ಅಳುವ ಮಗುವನ್ನು ಪೊಲೀಸರು ಎಳೆದುಕೊಂಡು ಬಂದ ದೃಶ್ಯವನ್ನು ನಾನು ಒಮ್ಮೆ ನೋಡಿದ್ದೇನೆ. ಆ ಸಲವೂ ಎಳೆದವರ ಪರವಾಗಿ ಕಾನೂನು ಇರಲಿಲ್ಲ.

ಗುರುವಾರ ತಂದೆ ತನ್ನ ಕಡೆಯ ಠಾಣೆಯಲ್ಲಿ ಒಂದು ದೂರು ಕೊಟ್ಟ: ಸೋದರಮಾವ ಮಗುವಿಗೆ ಹೊಡೆಯುತ್ತಾನೆ ಎಂದು. ಇದೂ ನಿರೀಕ್ಷಿತವೇ. ಸುಪರ್ದಿಯ ಜಗಳದಲ್ಲಿ ಒಂದು ದೂರಿಗೆ ಇನ್ನೊಂದು ದೂರು ಹುಟ್ಟದಿದ್ದರೆ ಆಶ್ಚರ್ಯ. ಆದರೆ ನಿರೀಕ್ಷಿತ ಎಂಬ ಕಾರಣಕ್ಕೆ ಸುಳ್ಳು ಎಂದುಕೊಳ್ಳುವಂತಿಲ್ಲ, ಅದೇ ಈ ಕೆಲಸದ ಕಷ್ಟ. ಗಾಯವಿಲ್ಲದ ಹೊಡೆತದ ಆರೋಪ ಪೊಲೀಸರು ತಾವಾಗಿ ತನಿಖೆ ಮಾಡುವಂಥದ್ದಲ್ಲವಾದ್ದರಿಂದ ಎನ್‌ಸಿಆರ್, ಅಂದರೆ ಎಫ್‌ಐಆರ್ ಅಲ್ಲದ ಬರೀ ನಮೂದು, ಆಯಿತು. ಅದೇ ಹೆಡ್ ಕಾನ್‌ಸ್ಟೆಬಲ್ ಮತ್ತೊಮ್ಮೆ ಮನೆಗೆ ಹೋಗಿ ಮಗುವನ್ನು ಮಾತಾಡಿಸಿದರು. ಮಾವ ಹೊಡೆದರೇ ಎಂದು ನೇರವಾಗಿ ಕೇಳಲಿಲ್ಲ, ಮನೆಯಲ್ಲಿ ಹೋಂವರ್ಕ್ ಯಾರು ಮಾಡಿಸುತ್ತಾರೆ ಎಂದು ಕೇಳಿದರು. "ಮಾವ. ಏಳರ ಮಗ್ಗಿ ತಪ್ಪಿದರೆ ಟಿವಿ ಆರಿಸುತ್ತಾರೆ." ಕಿವಿ ಹಿಂಡುತ್ತಾರೆಯೇ? "ಒಂದು ಸಲ." ಅಷ್ಟನ್ನೂ ಬರೆದರು. ಕಿವಿ ಹಿಂಡಿದ್ದನ್ನು ಬಿಡಲಿಲ್ಲ, ಬೆಳೆಸಲೂ ಇಲ್ಲ.

ಇಷ್ಟೂ ಕಾಗದಗಳು ತಾಯಿಯ ವಕೀಲರ ಕೈಗೆ ಸಿಕ್ಕಿದ್ದು ಹಿಂಬರಹದ ಮೂಲಕ. ಶುಕ್ರವಾರ ಅವರು ಕೌಟುಂಬಿಕ ನ್ಯಾಯಾಲಯದಲ್ಲಿ ತುರ್ತು ಅರ್ಜಿ ಹಾಕಿದರು. ನ್ಯಾಯಾಲಯ ಮಂಗಳವಾರ ಮಗುವನ್ನು ಹಾಜರುಪಡಿಸಲು ಹೇಳಿತು. ತಂದೆ ಕರೆತಂದ. ಆ ದಿನ ನಾನು ಅಲ್ಲಿರಲಿಲ್ಲ, ಇರುವ ಹಾಗೂ ಇಲ್ಲ. ಆಮೇಲೆ ಆದೇಶದ ಪ್ರತಿ ಓದಿ, ಎರಡೂ ಕಡೆಯ ವಕೀಲರಿಂದ ಕೇಳಿ ತಿಳಿದದ್ದು ಇಷ್ಟು.

ಸಿರಪ್ ಬಾಟಲಿಯ ಬಗ್ಗೆ ನ್ಯಾಯಾಧೀಶರು ಕೇಳಿದಾಗ ತಂದೆ, "ಔಷಧಿ ಬೇಡ ಎಂದು ಅಮ್ಮ ಕಷಾಯ ಕೊಟ್ಟರು" ಎಂದ. ನಮ್ಮ ಮನೆಗಳಲ್ಲಿ ನಂಬಬಹುದಾದ ಉತ್ತರವೇ. ನ್ಯಾಯಾಧೀಶರೂ ಸುಳ್ಳು ಎನ್ನಲಿಲ್ಲ. ಬುಧವಾರ ಕುಂಟೆಬಿಲ್ಲೆ ಆಡುತ್ತಿದ್ದ ಮಗುವನ್ನು ಈ ಮಂಗಳವಾರದವರೆಗೆ ಯಾಕೆ ಇಟ್ಟುಕೊಂಡಿರಿ ಎಂದು ಮಾತ್ರ ಕೇಳಿದರು. ಆತ ಆಗ ಹೇಳಿದ ಮಾತನ್ನು ಎರಡೂ ಕಡೆಯ ವಕೀಲರು ಒಂದೇ ರೀತಿ ವರದಿ ಮಾಡಿದರು: "ನನಗೆ ತಪ್ಪಿದ ಎರಡು ಶನಿವಾರಗಳನ್ನು ತುಂಬಿಕೊಳ್ಳುತ್ತಿದ್ದೆ."

ತಪ್ಪಿದ್ದವು, ನಿಜ. ಒಂದು ಸಲ ಮಗುವಿಗೆ ಪರೀಕ್ಷೆ ಎಂದು ಕಳಿಸಿರಲಿಲ್ಲ, ಇನ್ನೊಂದು ಸಲ ಹಾಸನದಲ್ಲಿ ಮದುವೆ ಎಂದು. ತಾಯಿ ಎರಡನ್ನೂ ಒಪ್ಪಿಕೊಂಡರು. ಎರಡೂ ಸಲ ಆತ ಹತ್ತು ಗಂಟೆಗೆ ಗೇಟಿನ ಮುಂದೆ ನಿಂತು, 112ಕ್ಕೆ ಕರೆ ಮಾಡಿ, ಆಮೇಲೆ ಅದೇ ಪಶ್ಚಿಮ ಬೆಂಗಳೂರಿನ ಠಾಣೆಗೆ ಹೋಗಿದ್ದ. ಅವನಿಗೂ ಅದೇ ಮಾತು, "ಸಿವಿಲ್ ವಿಷಯ." ಎರಡನೆಯ ಸಲ "ಮಗು ತಾಯಿಯ ಹತ್ತಿರವೇ ಇದೆಯಲ್ಲಪ್ಪಾ" ಎಂದಿದ್ದರಂತೆ. ಮೊಬೈಲಿನಲ್ಲಿ ಕರೆಯ ದಾಖಲೆ ಬಿಟ್ಟರೆ ಅವನ ಕೈಯಲ್ಲಿ ತುಂಡು ಕಾಗದವಿರಲಿಲ್ಲ. ಇದ್ದಿದ್ದರೆ ಅವನ ವಕೀಲರು ಅದನ್ನು ಹಿಡಿದು ಮುಂದಿನ ಸೋಮವಾರವೇ ನ್ಯಾಯ ದೇಗುಲದ ಮೆಟ್ಟಿಲು ಹತ್ತುತ್ತಿದ್ದರು. ಭೇಟಿ ತಪ್ಪಿಸಿದ ತಾಯಿಗೆ ನ್ಯಾಯಾಲಯ ಎರಡು ಮಾತು ಹೇಳುತ್ತಿತ್ತು, ತಪ್ಪಿದ ದಿನಗಳನ್ನು ತುಂಬಿಕೊಡುತ್ತಿತ್ತು. ತಂದೆ ತಾಯಿ ಇಬ್ಬರ ಒಡನಾಟವೂ ಮಗುವಿನ ಹಕ್ಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದ್ದು ನಮ್ಮ ನ್ಯಾಯಾಧೀಶರಿಗೆಲ್ಲ ಕಂಠಪಾಠ. ಕಾಗದವಿಲ್ಲದ ತಂದೆ ತನ್ನ ಲೆಕ್ಕವನ್ನು ತಾನೇ ಚುಕ್ತಾ ಮಾಡಿಕೊಂಡ. ಅದು ತಪ್ಪು. ಆ ತಪ್ಪಿನ ಮೊದಲ ಅರ್ಧ ಠಾಣೆಯ ಮೇಜಿನ ಮೇಲೆ ನಡೆದದ್ದು ಎಂಬುದು ನನ್ನ ಅಭಿಪ್ರಾಯ. ನನ್ನಂಥವರ ಫೋನ್ ಸಲಹೆಯ ಪಾಲೂ ಅದರಲ್ಲಿದೆ.

ನ್ಯಾಯಾಧೀಶರು ಮಗುವನ್ನು ತಮ್ಮ ಕೊಠಡಿಯಲ್ಲಿ ಇಪ್ಪತ್ತು ನಿಮಿಷ ಮಾತಾಡಿಸಿದರು. ಒಳಗೆ ಏನಾಯಿತೋ ಹೊರಗಿನವರಿಗೆ ತಿಳಿಯಲಿಲ್ಲ, ತಿಳಿಯಲೂಬಾರದು. ಹೊಸ ಆದೇಶದಲ್ಲಿ ಸಂಜೆ ಎಂಬುದು "ಸಂಜೆ 5 ಗಂಟೆ" ಆಯಿತು. ಮಗುವನ್ನು ಒಪ್ಪಿಸುವ ಜಾಗ ಮೂರು ತಿಂಗಳವರೆಗೆ ನಿಗದಿಯಾಯಿತು. ತಪ್ಪಿದ ಭೇಟಿಗಳಲ್ಲಿ ಒಂದನ್ನು ದಸರಾ ರಜೆಯಲ್ಲಿ ತುಂಬಿಕೊಡಲು ಹೇಳಿದರು, ಇನ್ನೊಂದು ಈ ಒಂಬತ್ತು ದಿನಗಳಿಗೆ ವಜಾ. ಭೇಟಿಯನ್ನು ನಿಲ್ಲಿಸಲಿಲ್ಲ. ಯಾರು ತಪ್ಪಿದರೂ ಸಂಬಂಧಪಟ್ಟ ಠಾಣೆ ಅರ್ಜಿ ಸ್ವೀಕರಿಸಿ ವರದಿ ಕೊಡಬೇಕೆಂಬ ಒಂದು ಸಾಲೂ ಸೇರಿತು. ಅಣ್ಣ ಮ್ಯಾಜಿಸ್ಟ್ರೇಟರಿಗೆ ಕೊಡಲು ಸಿದ್ಧ ಮಾಡಿಸಿದ್ದ ಖಾಸಗಿ ದೂರು ಸಲ್ಲಿಕೆಯಾಗಲಿಲ್ಲ. ತಂಗಿಯೇ ಬೇಡ ಎಂದರಂತೆ. ಆಮೇಲೆ ಅದೇ ಕಟ್ಟಡದಲ್ಲಿರುವ ಮಧ್ಯಸ್ಥಿಕೆ ಕೇಂದ್ರಕ್ಕೆ ವಿಷಯ ಹೋಯಿತು. ದಾಂಪತ್ಯ ಉಳಿಯಲಿಲ್ಲ, ಶನಿವಾರಗಳು ಉಳಿದವು.

ಒಂದು ಸಣ್ಣ ವಿಷಯ ಬಾಕಿ ಇದೆ. ಎಲ್ಲ ಮುಗಿದ ಮೇಲೆ ತಂದೆ ಮಾಹಿತಿ ಹಕ್ಕು ಕಾಯ್ದೆಯಡಿ ಪಶ್ಚಿಮ ಬೆಂಗಳೂರಿನ ಆ ಠಾಣೆಗೆ ಅರ್ಜಿ ಹಾಕಿದ: ತಾನು ಬಂದಿದ್ದ ಎರಡು ಶನಿವಾರಗಳ ಠಾಣಾ ದಿನಚರಿಯಲ್ಲಿ ತನ್ನ ಬಗ್ಗೆ ಇರುವ ನಮೂದಿನ ನಕಲು ಕೊಡಿ ಎಂದು. ವ್ಯಾಜ್ಯಕ್ಕೆ ಅದರ ಅಗತ್ಯ ಉಳಿದಿರಲಿಲ್ಲ, ಆದರೂ ಕೇಳಿದ. ಮೂವತ್ತು ದಿನದೊಳಗೆ ಉತ್ತರ ಬಂತು, ಮೊಹರು ಸಹಿ ಸಮೇತ: "ತಾವು ಕೋರಿರುವ ಮಾಹಿತಿಯು ಈ ಠಾಣೆಯ ಕಡತದಲ್ಲಿ ಲಭ್ಯವಿರುವುದಿಲ್ಲ." ಆ ಠಾಣೆಯಿಂದ ಅವನ ಕೈಗೆ ಬಂದ ಮೊದಲ ಹಿಂಬರಹ ಅದು.